ಮೊಳೆಗೆ ತೂಗಿದ ನಾಲ್ಕನೇ ಶೀಟು

ರೋಣದ ನಮ್ಮ ಡಿಪ್ಲೊಮಾ ಕಾಲೇಜಿನ ಡ್ರಾಯಿಂಗ್ ಹಾಲಿನ ಗೋಡೆಯಲ್ಲಿ ಒಂದು ಮೊಳೆ ಇದೆ. ಹೊಡೆದವನು ನಾನೇ. ವಾರದ ಶೀಟುಗಳಲ್ಲಿ ಅತ್ಯಂತ ಕೆಟ್ಟದ್ದನ್ನು ಆರಿಸಿ, ಕೆಂಪು ಪೆನ್ಸಿಲಿನಲ್ಲಿ ಒಂದು ಸಾಲು ಷರಾ ಬರೆದು, ಶನಿವಾರ ಬೆಳಿಗ್ಗೆ ಆ ಮೊಳೆಗೆ ತೂಗುಹಾಕುವುದು ನನ್ನ ಪದ್ಧತಿ. ಹುಡುಗರು ನಗುತ್ತಿದ್ದರು, ಶೀಟಿನ ಒಡೆಯನೂ ತಲೆ ಕೆರೆದುಕೊಂಡು ನಗುತ್ತಿದ್ದ. ಸಂಜೆ ಹಾಲಿಗೆ ಬೀಗ ಹಾಕುವ ಮುಂಚೆ ಅದನ್ನು ಇಳಿಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿ ತಪ್ಪಿದೆ ಎಂದು ತೋರಿಸಿ, ಸುರುಳಿ ಸುತ್ತಿ ಕೈಗೆ ಕೊಟ್ಟು ಕಳಿಸುತ್ತಿದ್ದೆ. ಸೋಮವಾರದ ಹೊತ್ತಿಗೆ ಎಲ್ಲರೂ ಮರೆತಿರುತ್ತಿದ್ದರು. ಆ ಮೊಳೆ ಯಾರಿಗೂ ಚುಚ್ಚಿದ್ದಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಜೂನ್ ತಿಂಗಳ ಒಂದು ಮುಂಜಾನೆ ಪ್ರಾಚಾರ್ಯರು ತಮ್ಮ ಕೋಣೆಗೆ ಕರೆಸಿದರು. ಅವರು ನನಗಿಂತ ಹದಿನೆಂಟು ವರ್ಷ ಚಿಕ್ಕವರು. ಕೆಟ್ಟ ಸುದ್ದಿ ಹೇಳುವಾಗ ಮಾತ್ರ ನನ್ನನ್ನು ಕೂಡ್ರಿಸಿ ಮಾತಾಡುತ್ತಾರೆ.

"ಕುಂದ್ರಿ ಸರ. ಹಳೇ ಸಿಲೆಬಸ್ಸಿನವರು ಒಂಬತ್ತು ಮಂದಿ ಉಳದಾರ್ರಿ. ಎಲ್ಲಾ ಪಾಸಾಗ್ಯಾರ, ಡ್ರಾಯಿಂಗ್ ಒಂದು ಬಿಟ್ಟು. ಈ ಸಲದ್ದ ಆಖೈರು. ಮುಂದ ಆ ಸಿಲೆಬಸ್ಸೇ ಇರಂಗಿಲ್ಲ, ಡಿಪ್ಲೊಮಾನೂ ಸಿಗಂಗಿಲ್ಲ."

"ಕರೀರಿ ಮತ್ತ. ಬೋರ್ಡು ಖಾಲಿ ಅದಾವು."

"ಕರದ್ರ ಬರ್ತಾರೇನ್ರಿ? ಒಬ್ಬಾಂವ ಗೋವಾದಾಗ ಗಾರೆ ಕೆಲಸಕ್ಕ ಹೋಗ್ಯಾನ. ಇಬ್ಬರು ಪುಣೆದಾಗ ಅದಾರ. ಆನ್‌ಲೈನ್ ಮಾಡ್ರಿ."

"ಡ್ರಾಯಿಂಗ್ ಆನ್‌ಲೈನ್‌ದಾಗ ಹ್ಯಾಂಗ್ರಿ? ಈಸು ಕಲಸೂದು ಟಪಾಲಿನ್ಯಾಗ ಬರದು ಕಳಿಸಿದಂಗ ಆತಲ್ಲ."

"ಅದನ್ನೂ ಮಾಡಾಕತ್ತಾರ್ರೀ ಈಗ" ಎಂದರು ಪ್ರಾಚಾರ್ಯರು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

ನಿಯಮಗಳನ್ನು ಅವರೇ ಓದಿ ಹೇಳಿದರು. ಒಟ್ಟು ಹತ್ತು ಶೀಟು, ಒಂದೊಂದಕ್ಕೆ ಐದು ಅಂಕ. ಐವತ್ತರಲ್ಲಿ ಕನಿಷ್ಠ ಇಪ್ಪತ್ತೈದು ಬರದವರು ಪರೀಕ್ಷೆಗೆ ಕೂಡುವಂತಿಲ್ಲ. ಪ್ರತಿ ಶೀಟಿನ ಅಂಕವನ್ನು ಅದೇ ವಾರ ಪೋರ್ಟಲ್‌ಗೆ ಏರಿಸಬೇಕು; ಭಾನುವಾರ ಅದು ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಕೊನೆಗೆ ಹೊರಗಿನ ಪರೀಕ್ಷಕರೊಬ್ಬರು ಬಂದು ಶೀಟುಗಳನ್ನೂ ಅಂಕಗಳನ್ನೂ ತಾಳೆ ನೋಡುತ್ತಾರೆ. ಅವರಿಗೆ ಅಂಕ ಇಳಿಸುವ ಅಧಿಕಾರವಿದೆ, ಏರಿಸುವ ಅಧಿಕಾರವಿಲ್ಲ. ಈ ಕೊನೆಯ ವಾಕ್ಯ ಕೇಳಿ ನನಗೆ ಸಂತೋಷವೇ ಆಯಿತು. ಜಗತ್ತಿನಲ್ಲಿ ಇನ್ನೂ ಶಿಸ್ತು ಉಳಿದಿದೆ ಎನಿಸಿತು.

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ತರಗತಿ. ಎಲ್ಲರೂ ಕೆಲಸಕ್ಕೆ ಹೋಗುವವರು, ಆ ಹೊತ್ತು ಬಿಟ್ಟರೆ ಬೇರೆ ಹೊತ್ತಿಲ್ಲ. ಮೊದಲ ದಿನ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಿಂದೆ ಕರಿಹಲಗೆ ಕಾಣುವಂತೆ ಕೂತು, ಕಂಪ್ಯೂಟರಿಗೆ ನಮಸ್ಕಾರ ಮಾಡಿದೆ. ಎದುರಿಗೆ ಒಂಬತ್ತು ಕಪ್ಪು ಚೌಕಗಳು. ಮುಖ ತೋರಿಸಿದರೆ ನೆಟ್‌ವರ್ಕ್ ಹೋಗುತ್ತದೆ ಎಂದರು. ಹೊಳೆಮಣ್ಣೂರಿನವನು, ಗೋವಾದಲ್ಲಿರುವವನು, ಒಮ್ಮೆ ಅರ್ಧ ನಿಮಿಷ ಕಂಡ: ಸಿಮೆಂಟ್ ಚೀಲಗಳ ಮೇಲೆ ಕೂತು, ತೊಡೆಯ ಮೇಲೆ ಪ್ಲೈವುಡ್ ತುಂಡು ಇಟ್ಟುಕೊಂಡಿದ್ದ. ಆಮೇಲೆ ಅವನೂ ಕಪ್ಪಾದ.

ಈ ಕಥನ ಒಬ್ಬ ವಿದ್ಯಾರ್ಥಿನಿಯದು. ಗಜೇಂದ್ರಗಡದ ಒಂದು ಕೈಮಗ್ಗದ ಮನೆಯ ಸೊಸೆ. ಮೊದಲ ಸಲದ ಡ್ರಾಯಿಂಗ್ ಪರೀಕ್ಷೆಯ ದಿನ ಆಕೆಗೆ ಜ್ವರ, ಮರುವರ್ಷ ಅದೇ ವಾರ ಮದುವೆ. ಆಮೇಲೆ ಮಗ್ಗದಲ್ಲಿ ಕೂತಳು. ತರಗತಿ ಶುರುವಾಗುವ ಮುನ್ನಾದಿನ ನನಗೆ ಫೋನ್ ಮಾಡಿ, ಒಂದೇ ಉಸಿರಿನಲ್ಲಿ ಇಷ್ಟು ಹೇಳಿದ್ದಳು:

"ಸರ, ನರಗುಂದದಾಗ ಒಬ್ಬರು ಎಂಜಿನಿಯರ್ ಆಫೀಸ್ ಐತ್ರಿ. ಮನಿ ಪ್ಲಾನ್ ತಗಿಯೂ ಕೆಲಸ. ಹೋಗಿ ಕೇಳೇನ್ರಿ. ಡಿಪ್ಲೊಮಾ ಕಾಗದ ತಂದ ದಿನ ಬಾ, ದೀಪಾವಳಿ ಮಟಾ ಖುರ್ಚಿ ಹಿಡೀತೇನಿ ಅಂದಾರ್ರಿ. ಮನ್ಯಾಗೂ ಹೂಂ ಅಂದಾರ್ರಿ. ಇದೊಂದು ಪಾಸಾದ್ರ ಮುಗೀತ್ರಿ."

"ಆಗತದ. ಶೀಟು ಹೊತ್ತಿಗೆ ಸರಿಯಾಗಿ ಕಳಸು" ಎಂದೆ. ಆಶ್ವಾಸನೆ ಕೊಡುವುದು ನನಗೆ ಆಗಿಬರದ ಕೆಲಸ, ಆದ್ದರಿಂದ ಚಿಕ್ಕದಾಗಿ ಕೊಟ್ಟೆ.

ಕಾರ್ಯವಿಧಾನ ಹೀಗಿತ್ತು. ನಾನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಅವರು ಮನೆಯಲ್ಲಿ ಶೀಟು ಬಿಡಿಸಿ, ಫೋನಿನ ಸ್ಕ್ಯಾನ್ ಆ್ಯಪ್‌ನಲ್ಲಿ ಚಿತ್ರ ತೆಗೆದು ಕಳಿಸುತ್ತಿದ್ದರು. ಆ ಆ್ಯಪ್ ಬಲು ಜಾಣ. ಕಾಗದವನ್ನು ಹೇಗೆ ಸೊಟ್ಟಗೆ ಹಿಡಿದು ತೆಗೆದರೂ ಅಂಚುಗಳನ್ನು ಎಳೆದು ನೆಟ್ಟಗೆ ಮಾಡಿ, ಅಚ್ಚುಕಟ್ಟಾದ ಆಯತ ಮಾಡಿಕೊಡುತ್ತದೆ. ನಾನು ಕಂಪ್ಯೂಟರಿನ ಗಾಜಿಗೆ ಪ್ಲಾಸ್ಟಿಕ್ ಸ್ಕೇಲ್ ಹಚ್ಚಿ ಗೆರೆಗಳನ್ನು ಅಳೆಯುತ್ತಿದ್ದೆ. ಕಾಫಿ ತಂದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಟಿವಿಗೆ ಅಂಗಿ ಹೊಲಸಾಕತ್ತೀರೇನು?" ಎಂದು ಕೇಳಿ ಹೋದಳು. ನಾನು ಅಳೆಯುತ್ತಲೇ ಇದ್ದೆ. ಶಾಸ್ತ್ರೋಕ್ತ ಕೆಲಸದ ನಡುವೆ ಮಾತು ಸಲ್ಲದು.

ಪ್ರತಿ ಪಾಠದ ಕೊನೆಗೆ ನಾನು ಕೇಳುತ್ತಿದ್ದೆ: "ತಿಳೀತೇನ?" ಒಂಬತ್ತು ಚೌಕಗಳಿಂದ ಒಂಬತ್ತು ದನಿ: "ತಿಳೀತ್ರಿ ಸರ."

ನಮ್ಮ ಭಾಗದಲ್ಲಿ ಮಾಸ್ತರರಿಗೆ "ತಿಳೀಲಿಲ್ಲ" ಎನ್ನುವುದು ಉಂಟೇ? ಊಟಕ್ಕೆ ಕರೆದವರ ಮುಂದೆ ಸಾರು ಸಪ್ಪೆ ಎಂದಂತೆ. ಹಾಲ್‌ನಲ್ಲಿ ಇದರಿಂದ ಏನೂ ನಷ್ಟವಿರಲಿಲ್ಲ. ಅವರು "ತಿಳೀತ್ರಿ" ಎನ್ನುತ್ತಿದ್ದರು, ನಾನು ನಂಬುತ್ತಿರಲಿಲ್ಲ, ಬೋರ್ಡುಗಳ ನಡುವೆ ಅಡ್ಡಾಡಿ ಕೈ ನೋಡುತ್ತಿದ್ದೆ. ಪೆನ್ಸಿಲ್ ಹಿಡಿದ ಕೈಗೆ ದಾಕ್ಷಿಣ್ಯವಿಲ್ಲ, ಅದು ನಿಜವನ್ನೇ ಹೇಳುತ್ತದೆ. ಈಗ ಕೈ ಹೋಗಿ ಬರೀ "ತಿಳೀತ್ರಿ" ಉಳಿದಿತ್ತು. ಅದು ನನಗೆ ಹೊಳೆಯಲಿಲ್ಲ. ಸ್ಕೇಲ್ ಹಚ್ಚುವುದರಲ್ಲಿ ಮಗ್ನನಾಗಿದ್ದೆ.

ಮೊದಲ ಮೂರು ಶೀಟುಗಳಿಗೆ ಗಜೇಂದ್ರಗಡದ ವಿದ್ಯಾರ್ಥಿನಿಗೆ ಮೂರು ಮೂರು ಅಂಕ ಕೊಟ್ಟೆ. ಚೊಕ್ಕ ಗೆರೆ, ಆದರೆ ಎತ್ತರಗಳು ಎಲ್ಲೆಡೆ ಕೊಂಚ ಕಡಿಮೆ. ಮೂರನೆಯದು ದೀರ್ಘವೃತ್ತದ ಶೀಟು, ಅಂದರೆ ಮೊಟ್ಟೆಯಾಕಾರದ್ದು. ಎರಡು ವೃತ್ತಗಳನ್ನು ಒಂದರೊಳಗೊಂದು ಎಳೆದು ಅವುಗಳಿಂದ ಬಿಂದುಗಳನ್ನು ಇಳಿಸಿ ಕೂಡಿಸುವ ವಿಧಾನ. ಹೊಸಬರಿಗೆ ಕಷ್ಟ. ಆಕೆ ಸಲೀಸಾಗಿ ಮಾಡಿದ್ದಳು. ನಾಲ್ಕಾದರೂ ಕೊಡಬಹುದಿತ್ತು. ಐದು ಮಾತ್ರ ನಾನು ಯಾರಿಗೂ ಕೊಟ್ಟವನಲ್ಲ, ಅದೊಂದು ಗತ್ತು.

ನಾಲ್ಕನೆಯ ಶೀಟಿನಲ್ಲಿ ನಿಂತ ಸಿಲಿಂಡರನ್ನು ಮೇಲಿನಿಂದ ನೋಡಿದಂತೆ ಬಿಡಿಸಬೇಕು. ಮೇಲಿನಿಂದ ನೋಡಿದರೆ ಅದೊಂದು ವೃತ್ತ, ಅಷ್ಟೆ. ಆಕೆ ಕಳಿಸಿದ ಚಿತ್ರದಲ್ಲಿ ಆ ವೃತ್ತ ಮೇಲಿನಿಂದ ಯಾರೋ ಕೂತು ಅದುಮಿದಂತೆ ಚಪ್ಪಟೆಯಾಗಿತ್ತು. ಸ್ಕೇಲ್ ಹಚ್ಚಿದೆ. ಅಡ್ಡಕ್ಕಿಂತ ಎತ್ತರ ಕಡಿಮೆ. ಕಂಪಾಸ್ ಹಿಡಿದು ವೃತ್ತವನ್ನು ತಪ್ಪಾಗಿ ಎಳೆಯಲು ಒಂದು ಬಗೆಯ ಪ್ರತಿಭೆಯೇ ಬೇಕು ಎಂದುಕೊಂಡೆ. ಒಂದು ಅಂಕ ಕೊಟ್ಟು ಪೋರ್ಟಲ್‌ಗೆ ಏರಿಸಿದೆ.

ಅಂದು ಶನಿವಾರ. ಮೊಳೆ ನೆನಪಾಯಿತು. ಆನ್‌ಲೈನ್ ತರಗತಿಗೆ ಜೀವ ಕಡಿಮೆ, ಹಾಲಿನ ಸಲಿಗೆ ಇಲ್ಲ, ಹುಡುಗರು ಬಿಗಿಯಾಗಿದ್ದಾರೆ, ಒಂದಿಷ್ಟು ನಗಿಸೋಣ ಎಂಬ ಘನ ಉದ್ದೇಶದಿಂದ ಆ ಚಿತ್ರವನ್ನು ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿ ಕೆಂಪಕ್ಷರದಲ್ಲಿ ಷರಾ ಬರೆದೆ: "ಇದು ವೃತ್ತವಲ್ಲ, ಮೊಟ್ಟೆ. ಕೋಳಿಯ ಹೆಸರು ಮೂಲೆಯಲ್ಲಿದೆ."

ಏಳೆಂಟು ನಗುವ ಮುಖಗಳು ಬಂದವು. ಆಕೆಯೂ ಬರೆದಳು: "ತಪ್ಪಾಗೇತ್ರಿ ಸರ. ತಿದ್ದಕೋತೇನ್ರಿ."

ಐದನೆಯ ಶೀಟು ಬಂತು. ವೃತ್ತ ಎಂದರೆ ವೃತ್ತ. ಎತ್ತರಗಳೂ ಸ್ಕೇಲಿಗೆ ಸರಿಯಾಗಿ ಕೂತವು. ಆರನೆಯದು ಇನ್ನೂ ಚಲೋ. ಎರಡಕ್ಕೂ ನಾಲ್ಕು ನಾಲ್ಕು ಕೊಟ್ಟೆ. "ಮೊಳೆಗೆ ಹಾಕಿದರೆ ಹೀಗೆ ಬುದ್ಧಿ ಬರುತ್ತದೆ" ಎಂದು ಸ್ಟಾಫ್ ರೂಮಿನಲ್ಲಿ ಇಬ್ಬರಿಗೆ ಉಪದೇಶ ಮಾಡಿದ್ದೂ ಉಂಟು.

ಏಳನೆಯ ಶೀಟು ಬರಲಿಲ್ಲ. ಸೋಮವಾರ ಆಕೆಯ ಚೌಕವಿರಲಿಲ್ಲ. ಮಂಗಳವಾರ ಗುಂಪಿನಲ್ಲಿ ಸಣ್ಣ ಬೂದು ಅಕ್ಷರಗಳು ಕಂಡವು: ಆ ನಂಬರಿನವರು ಗುಂಪು ತೊರೆದಿದ್ದಾರೆ. ಫೋನ್ ಮಾಡಿದೆ. ಗಂಡಸಿನ ವಯಸ್ಸಾದ ದನಿ.

"ಯಾರ್ರಿ?"

"ನಾ ರೋಣದಿಂದ್ರಿ, ಡ್ರಾಯಿಂಗ್ ಸರ."

ಹಿಂದೆ ಮಗ್ಗದ ಸದ್ದು ನಿಂತಿತು. "ಹಾಂ, ಸರ. ಆಕಿ ಇನ್ನ ಕಲಿಯಂಗಿಲ್ರಿ. ಫೋನ್ ನಂದ್ರಿ. ಇಡ್ತೇನ್ರಿ."

ಆಗ ಹೊಳೆಯಿತು. ಆ ಮನೆಯಲ್ಲಿ ಅಂಥ ಫೋನು ಅದೊಂದೇ, ಅದು ಮಾವನದು, ಆಮೇಲೆ ತಿಳಿದಂತೆ ಸೀರೆಯ ಚಿತ್ರಗಳನ್ನು ವ್ಯಾಪಾರಸ್ಥರಿಗೆ ಕಳಿಸಲು ಇಟ್ಟುಕೊಂಡದ್ದು. ನಾನು ಮೊಳೆ ಹೊಡೆದದ್ದು ಡ್ರಾಯಿಂಗ್ ಹಾಲಿನ ಗೋಡೆಗಲ್ಲ, ಇನ್ನೊಬ್ಬರ ಮನೆಯ ಗೋಡೆಗೆ. ಸಂಜೆ ಇಳಿಸುವವರೂ ಇರಲಿಲ್ಲ.

ಮರುದಿನದ ತರಗತಿ ಮುಗಿಸಿ ಗಜೇಂದ್ರಗಡದ ಬಸ್ಸು ಹತ್ತಿದೆ. ಮೋಡ ಮುಚ್ಚಿ, ಮಳೆಯೂ ಬಾರದೆ, ಬಿಸಿಲೂ ಇಲ್ಲದೆ, ಇಡೀ ದಾರಿ ಒಗೆಯದ ಧೋತರದ ಬಣ್ಣದಲ್ಲಿತ್ತು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ಬಾಯಲ್ಲಿ ನೂಲಿನ ಅಂಗಡಿಯವನು, "ಓ, ಕೋಳಿ ಶೀಟಿನವ್ರ ಮನೀ ಏನ್ರಿ?" ಎಂದು ಕೈ ತೋರಿಸಿದ. ನನ್ನ ಷರಾ ಪ್ರಸಿದ್ಧವಾಗಿತ್ತು. ಒಂಬತ್ತು ಮಂದಿಯಲ್ಲಿ ಒಬ್ಬ ಅದೇ ಪೇಟೆಯವನು, ಅದನ್ನು ಇನ್ನೆಲ್ಲಿಗೋ ಕಳಿಸಿದ್ದ.

ಮನೆಯ ಮುಂದಿನ ಕೋಣೆಯಲ್ಲಿ ಎರಡು ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಾವ ಕೂತಿದ್ದರು. ಇನ್ನೊಂದರಲ್ಲಿ ಆಕೆ. ನನ್ನನ್ನು ಕಂಡು ಎದ್ದು ಒಳಗೆ ಹೋದಳು.

"ಬರ್ರಿ ಸರ, ಕುಂದ್ರಿ. ಚಾ ಕುಡೀರಿ, ಆಮ್ಯಾಲೆ ಮಾತು."

ಚಹಾ ಬಂತು. ನಾನು ಲೋಟ ಕೆಳಗಿಟ್ಟ ಮೇಲೆ ಶುರು ಮಾಡಿದರು.

"ನಾ ಸಾಲಿ ಕಲ್ತಾಂವ ಅಲ್ರಿ. ನಿಮ್ಮ ಗುಂಡಗ, ಚಪ್ಪಟಿ ನನಗ ತಿಳಿಯಂಗಿಲ್ಲ. ಆದ್ರ ಒಂದು ಹೇಳ್ತೀನಿ. ನಮ್ಮಲ್ಲಿ ಸೀರ್ಯಾಗ ಎಳಿ ತಪ್ಪಿದ್ರ, ಮಗ್ಗದ ಮ್ಯಾಲೆ ಇದ್ದಾಗನ ಹೇಳ್ತೀವಿ, ನೇದವರ ಕಿವ್ಯಾಗ. ಇಳಿಸಿದ ಮ್ಯಾಲೆ ಹೇಳಂಗಿಲ್ಲ. ತಪ್ಪು ಉಳಿದಿತ್ತಂದ್ರ ಅದು ಒಳಗ ಬರೂ ಹಂಗ ಮಡಚಿ ಇಡ್ತೀವಿ. ಕೊಳ್ಳಾವ್ರಿಗೆ ಬಿಚ್ಚಿ ತೋರಸ್ತೀವಿ, ಹೌದು. ಓಣಿಗೆ ತೋರಸಂಗಿಲ್ಲ. ಅದು ಮಾಡಿದವರ ಮರ್ಯಾದಿ ಐತಲ್ರಿ."

"ಖರೇ ಐತ್ರಿ" ಎಂದೆ.

"ನೂಲಿನ ಅಂಗಡ್ಯಾಗ ನನ್ನ ಕೇಳ್ತಾರ, ಮನ್ಯಾಗ ಕೋಳಿ ಸಾಕೀರೇನು ಅಂತ. ನಾ ಏನ್ ಹೇಳ್ಲಿ?"

ನಾನು ಕ್ಷಮೆ ಕೇಳಿದೆ. ಕ್ಷಮೆ ಕೇಳುವುದರಲ್ಲಿ ನನಗೆ ರೂಢಿ ಕಡಿಮೆ, ವಾಕ್ಯ ಉದ್ದವಾಗಿ ನಡುವೆ ಎಲ್ಲೋ ಸಿಕ್ಕಿಕೊಂಡಿತು. ಕೊನೆಗೆ, ಮಾತು ಬದಲಿಸುವ ಸಲುವಾಗಿ, ಶೀಟುಗಳನ್ನು ತರಲು ಹೇಳಿದೆ. ಮಾವ ಒಳಗೆ ಕೂಗಿದರು: "ತಂಗೀ, ಸರ ಕೇಳಾಕತ್ತಾರ, ನಿನ್ನ ಕಾಗದ ತಗೊಂಬಾ."

ಆಕೆ ಆರು ಶೀಟುಗಳ ಸುರುಳಿ ತಂದು ಬಿಚ್ಚಿದಳು. ನಾಲ್ಕನೆಯದರ ಮೇಲೆ ಬಾಗಿದೆ. ಕಣ್ಣಿಗೆ ಗುಂಡಗೇ ಕಂಡಿತು. ಜೇಬಿನಿಂದ ಡಿವೈಡರ್ ತೆಗೆದು ಅಡ್ಡ ಹಿಡಿದೆ, ಉದ್ದ ಹಿಡಿದೆ, ಓರೆ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಕೊಟ್ಟದ್ದು ಒಂದು ಅಂಕ.

"ಚಿತ್ರ ಎಲ್ಲೆ ಇಟ್ಟು ತಗದೀ?"

"ಅಲ್ಲೇ ರಿ ಸರ." ಕಿಟಕಿಯ ಪಕ್ಕದ ಗೋಡೆ ತೋರಿಸಿದಳು. ಎರಡು ಮಗ್ಗ ಕೂತ ಮೇಲೆ ನೆಲದಲ್ಲಿ ಶೀಟು ಹಾಸಲು ಜಾಗವೇ ಇರಲಿಲ್ಲ. ಶೀಟನ್ನು ಗೋಡೆಗೆ ಒರಗಿಸಿ, ಎದುರಿಗೆ ನಿಂತು, ಮೇಲಿನಿಂದ ಕೆಳಗೆ ನೋಡುತ್ತ ತೆಗೆದಿದ್ದಳು. ಆ ಜಾಣ ಆ್ಯಪ್ ಅಂಚುಗಳನ್ನು ಎಳೆದು ಆಯತ ಮಾಡುವಾಗ ಎತ್ತರವನ್ನೆಲ್ಲ ಅದುಮಿಬಿಟ್ಟಿತ್ತು. ಶೀಟಿನ ಉದ್ದ ಅಗಲ ಎಷ್ಟಿರುತ್ತದೆಂದು ನನಗೆ ನಿದ್ದೆಯಲ್ಲೂ ಗೊತ್ತು. ತೆರೆಯ ಮೇಲೆ ಒಮ್ಮೆ ಕಾಗದವನ್ನು ಅಳೆದಿದ್ದರೆ ಸಾಕಿತ್ತು. ಗೆರೆಗಳನ್ನು ಅಳೆದೆ, ಕಾಗದವನ್ನು ಅಳೆಯಲಿಲ್ಲ.

ಐದನೆಯ ಶೀಟು ತೆಗೆದೆ. ಅದರಲ್ಲಿದ್ದದ್ದು ನಿಜವಾದ ಮೊಟ್ಟೆ, ಉದ್ದುದ್ದ. ಆರನೆಯದರಲ್ಲೂ ಹಾಗೆಯೇ. ಹಗುರ ಪೆನ್ಸಿಲಿನಲ್ಲಿ ಎರಡು ವೃತ್ತ, ಇಳಿಸಿದ ಬಿಂದುಗಳು, ಕೂಡಿಸಿದ ಗೆರೆ, ಮೂರನೇ ಶೀಟಿನ ಪಾಠವೆಲ್ಲ ಅಲ್ಲಿತ್ತು.

"ಇದೇನವಾ?"

ಆಕೆ ಮಾವನ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು. "ಫೋಟೋದಾಗ ಗುಂಡಗ ಕಾಣಬೇಕಲ್ರಿ ಸರ. ನೀವು ಫೋಟೋ ನೋಡಾವ್ರು. ಅದಕ್ಕ ಎತ್ತರ ಎಲ್ಲಾ ಹತ್ತಕ್ಕ ಹನ್ನೊಂದು ಹಾಕೇನ್ರಿ."

"ನಾಲ್ಕನೇದು ಸರಿ ಐತಿ ಅಂತ ನಿನಗ ಗೊತ್ತಿತ್ತು?"

"ಗೊತ್ತಿತ್ರಿ. ಕಂಪಾಸಿನ್ಯಾಗ ತಗದೇನಲ್ರಿ."

"ಮತ್ತ ಹೇಳಬೇಕಿಲ್ಲೋ?"

"ಎಲ್ಲಾರ ಮುಂದ ನಿಮಗ ತಪ್ಪು ಅಂತ ಹ್ಯಾಂಗ ಹೇಳೂದ್ರಿ ಸರ?"

ಮಾವ ಮಗ್ಗದ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದರು. ಸರಿಯಾದ ಶೀಟಿಗೆ ಒಂದು ಕೊಟ್ಟೆ, ತಪ್ಪು ಶೀಟುಗಳಿಗೆ ನಾಲ್ಕು ನಾಲ್ಕು ಕೊಟ್ಟೆ. ಸರಿಯಾಗಿ ಬಿಡಿಸುತ್ತಿದ್ದವಳಿಗೆ ತಪ್ಪಾಗಿ ಬಿಡಿಸಲು ಕಲಿಸಿದೆ, ಅದನ್ನೂ ಆಕೆ ಎಷ್ಟು ಕರಾರುವಾಕ್ಕಾಗಿ ಕಲಿತಳೆಂದರೆ ನನಗೇ ಗೊತ್ತಾಗಲಿಲ್ಲ.

ಅಲ್ಲಿಂದಲೇ, ಅವರಿಬ್ಬರ ಎದುರಿಗೆ, ಗುಂಪಿನಲ್ಲಿ ಬರೆದೆ: "ನಾಲ್ಕನೇ ಶೀಟಿನ ವೃತ್ತವನ್ನು ಇಂದು ಡಿವೈಡರ್ ಹಿಡಿದು ನೋಡಿದೆ. ಅದು ಸರಿಯಾಗಿದೆ. ತಪ್ಪು ಅಳೆದವನದು." ಎಂಟು ಹೆಬ್ಬೆರಳುಗಳು ಬಂದವು. ನೂಲಿನ ಅಂಗಡಿಗೆ ಅದು ತಲುಪಿತೋ ಇಲ್ಲವೋ. ನಗೆಯ ಮಾತು ಒಂದೇ ದಿನದಲ್ಲಿ ಊರು ತಿರುಗುತ್ತದೆ, ತಿದ್ದುಪಡಿಗೆ ಕಾಲಿಲ್ಲ.

ಮಾವ ನನ್ನ ಫೋನಿನಲ್ಲಿದ್ದ ಆ ಬರಹವನ್ನು ಸೊಸೆಯಿಂದ ಎರಡು ಸಲ ಓದಿಸಿ ಕೇಳಿ, ತಮ್ಮ ಫೋನನ್ನು ಆಕೆಯ ಕೈಗೆ ಕೊಟ್ಟರು. "ಮುಂಜಾನೆ ಒಂದು ತಾಸು ನಿಂದು. ಆದ್ರ ಸರ, ಇನ್ನಮ್ಯಾಲೆ ತಪ್ಪಿದ್ರ ಕಿವ್ಯಾಗ."

"ಕಿವ್ಯಾಗ" ಎಂದು ಒಪ್ಪಿದೆ.

ಅಂದಿನಿಂದ ತರಗತಿಯ ರೀತಿ ಬದಲಿಸಿದೆ. ಮುಖ ತೋರಿಸಬೇಡಿ, ಕೈ ತೋರಿಸಿ ಎಂದೆ. ಮಾವ ತಾವೇ ಶೀಟು ಹಾಸಲು ಮಗ್ಗದ ಮೇಲೊಂದು ಹಲಗೆ ಅಡ್ಡ ಇಟ್ಟು, ಮೇಲಿನ ತೊಲೆಯಿಂದ ದಾರ ಇಳಿಬಿಟ್ಟು ಫೋನಿಗೊಂದು ಸಣ್ಣ ತೊಟ್ಟಿಲು ಕಟ್ಟಿದರು, ಕೆಳಗೆ ಮುಖ ಮಾಡಿ. ಚಿತ್ರ ತೆಗೆಯುವಾಗ ಶೀಟಿನ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಇಡಬೇಕೆಂದು ಒಂಬತ್ತು ಮಂದಿಗೂ ಕಟ್ಟಪ್ಪಣೆಯಾಯಿತು. ನಾಣ್ಯ ಗುಂಡಗಿದ್ದರೆ ಚಿತ್ರ ನಂಬಬಹುದು. ಅಷ್ಟಕ್ಕೂ ನಂಬದೆ, ಹತ್ತಿರದವರಿಂದ ಶೀಟುಗಳನ್ನೇ ತರಿಸಿಕೊಂಡೆ. ನೀರಿನ ಪೈಪಿನ ತುಂಡಿಗೆ ಎರಡು ಮುಚ್ಚಳ ಹಾಕಿ ಗಜೇಂದ್ರಗಡ, ನರಗುಂದದ ಬಸ್ಸುಗಳಲ್ಲಿ ಕಳಿಸುವ ಏರ್ಪಾಡು. "ಏನ್ ಸರ, ತೋಪು ಸಾಗಸಾಕತ್ತೀರೇನು?" ಎಂದು ಕಂಡಕ್ಟರ್ ಕೇಳುತ್ತಿದ್ದ.

ಪಾಠದ ಕೊನೆಗೆ "ತಿಳೀತೇನ?" ಎಂದು ಕೇಳುವುದನ್ನು ಬಿಟ್ಟೆ. ಒಬ್ಬೊಬ್ಬರಿಗೂ ಹತ್ತು ನಿಮಿಷ ಫೋನ್ ಮಾಡಿ, "ಪೆನ್ಸಿಲ್ ಈಗ ಎಲ್ಲೈತಿ? ಮುಂದ ಯಾ ಕಡೆ ಹೊಂಟೀ?" ಎಂದು ಕೇಳತೊಡಗಿದೆ. ಅದಕ್ಕೆ "ತಿಳೀತ್ರಿ" ಎಂದು ಉತ್ತರಿಸಲು ಬರುವುದಿಲ್ಲ. ಮೊದಲ ವಾರವೇ ಹೊಳೆಮಣ್ಣೂರಿನವನು ಬಾಯಿಬಿಟ್ಟ. ಅವನ ಹತ್ತಿರ ಕಂಪಾಸೇ ಇರಲಿಲ್ಲ. ಗೋವಾದಲ್ಲಿ ಚಹಾದ ಲೋಟ ಬೋರಲು ಹಾಕಿ ಸುತ್ತ ಗೆರೆ ಎಳೆಯುತ್ತಿದ್ದ. ಆ ಲೋಟಕ್ಕೆ ನಾನು ನಾಲ್ಕು ಅಂಕ ಕೊಟ್ಟಿದ್ದೆ.

ಎಂಟು, ಒಂಬತ್ತು, ಹತ್ತು. ಆಕೆಯ ಮೂರು ಶೀಟುಗಳೂ ಒಂದಕ್ಕಿಂತ ಒಂದು ಚಲೋ ಬಂದವು. ಮೂರಕ್ಕೂ ನಾಲ್ಕು. ಏಳನೆಯದು, ಆಕೆ ಗುಂಪು ತೊರೆಯುವ ಹಿಂದಿನ ವಾರದ್ದು, ಪೋರ್ಟಲ್‌ನಲ್ಲಿ ಸೊನ್ನೆಯಾಗಿ ಬೀಗ ಹಾಕಿಕೊಂಡಿತ್ತು. ನಾಲ್ಕನೆಯದರ ಅಂಕ ತಿದ್ದಲು ಪ್ರಾಚಾರ್ಯರ ಬಳಿ ಹೋದೆ.

"ಲಾಕ್ ಆಗೇತ್ರಿ ಸರ."

"ಬಿಚ್ಚಸ್ರಿ."

"ನನ್ನ ಕೈಯಾಗ ಕೀಲಿ ಇಲ್ರಿ. ಮ್ಯಾಲೆ ಬರೀರಿ."

ಮೇಲೆ ಬರೆದೆ. ನನ್ನ ತಪ್ಪನ್ನು ಚಿತ್ರ ಸಹಿತ ಎರಡು ಪುಟ ವಿವರಿಸಿದ ಆ ಪತ್ರ ನನ್ನ ಬರಹಗಳಲ್ಲೇ ಅತ್ಯುತ್ತಮವಾದದ್ದು. ಉತ್ತರ ಬರಲಿಲ್ಲ. ಆದರೂ ಲೆಕ್ಕ ಹಾಕಿ ನೋಡಿದರೆ ಒಟ್ಟು ಮೂವತ್ತಾಗುತ್ತಿತ್ತು, ಇಪ್ಪತ್ತೈದಕ್ಕಿಂತ ಮೇಲೆ. ಉಳಿದದ್ದು ಐದು, ಆರನೇ ಶೀಟುಗಳ ತೊಡಕು. ಮೊಟ್ಟೆಗಳಿಗೆ ನಾಲ್ಕು ಅಂಕ ಬಿದ್ದದ್ದನ್ನು ಹೊರಗಿನ ಪರೀಕ್ಷಕರು ನೋಡಿದರೆ ಎರಡನ್ನೂ ಹೊಡೆದುಹಾಕುತ್ತಾರೆ. ಎರಡನ್ನೂ ಹೊಸದಾಗಿ ಬಿಡಿಸಲು ಹೇಳಿದೆ. ಎರಡೇ ಬೆಳಗಿನಲ್ಲಿ ಬಿಡಿಸಿದಳು. ಫೋನಿನಲ್ಲಿ ಕೇಳಿದಳು:

"ಸರ, ಮೂಲ್ಯಾಗ ತಾರೀಖು ಹಳೇದ ಹಾಕ್ಲೇನ್ರಿ?"

ನಕ್ಷೆಯಲ್ಲಿ ಒಂದು ಸುಳ್ಳು ಗೆರೆ ಎಳೆದರೆ ಮನೆ ಬೀಳುತ್ತದೆ ಎಂದು ಹೇಳಿಕೊಂಡು ಬಂದವನು ನಾನು. ಆಕೆಯಿಂದ ಎರಡು ಸುಳ್ಳು ಶೀಟು ಬರೆಸಿದ್ದೇ ಸಾಕೆನಿಸಿತ್ತು.

"ಇವತ್ತಿನ ತಾರೀಖ ಹಾಕವಾ. ನಾ ಪತ್ರ ಬರದು ಜೋಡಸ್ತೀನಿ. ಖರೇ ಹೇಳೂಣು."

"ಹೂಂ ರಿ ಸರ."

ಆ "ಹೂಂ" ಎಂಬುದನ್ನು ಕೇಳಬೇಕಾದಂತೆ ನಾನು ಕೇಳಲಿಲ್ಲ. ಪೆನ್ಸಿಲ್ ಎಲ್ಲಿದೆ ಎಂದು ಕೇಳಲು ಕಲಿತಿದ್ದೆ, ಇದನ್ನು ಹೇಗೆ ಕೇಳಬೇಕೆಂದು ಕಲಿತಿರಲಿಲ್ಲ.

ಅಕ್ಟೋಬರ್‌ನಲ್ಲಿ ಹೊರಗಿನ ಪರೀಕ್ಷಕರು ಬಂದರು. ಮಧ್ಯವಯಸ್ಸಿನ ಸೌಮ್ಯ ಮನುಷ್ಯ. ನನ್ನ ಪತ್ರವನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು. ಐದು, ಆರನೇ ಶೀಟುಗಳ ಮೂಲೆ ನೋಡಿದರು. ಪೋರ್ಟಲ್ ತೆರೆದು ತಾ‌ರೀಖು ನೋಡಿದರು. ಪೆನ್ನಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿದರು.

"ಸರ, ಶೀಟು ಭಾಳ ಚಲೋ ಅದಾವ್ರಿ. ಆದ್ರ ತಾರೀಖು ಲಾಕ್ ಆದ ಮ್ಯಾಲಿಂದು. ಅಂಕ ಕೊಟ್ಟಾಗ ಈ ಶೀಟು ಇರಲೇ ಇಲ್ಲ ಅಂತ ನೀವ ಬರದು ಕೊಟ್ಟೀರಿ. ಈಗ ನಾ ಹ್ಯಾಂಗ ಬಿಡ್ಲಿ?"

"ನಾಲ್ಕನೇದಕ್ಕ ಏರಸ್ರಿ. ಅದು ಸರಿ ಐತಿ."

"ಏರಸೂ ಅಧಿಕಾರ ನನಗಿಲ್ಲಲ್ರಿ."

ಎಂಟು ಅಂಕ ಹೊಡೆದರು. ಮೂವತ್ತು ಇಪ್ಪತ್ತೆರಡಾಯಿತು. ನಾಲ್ಕನೇ ಶೀಟಿಗೆ ಒಂದರ ಬದಲು ಅದಕ್ಕೆ ಸಲ್ಲಬೇಕಾದ ನಾಲ್ಕು ಕೊಟ್ಟಿದ್ದರೆ ಸರಿಯಾಗಿ ಇಪ್ಪತ್ತೈದು. ಕಾಗದಗಳನ್ನು ಚೀಲಕ್ಕೆ ತುಂಬುತ್ತ ಪರೀಕ್ಷಕರು, ನನ್ನ ಮುಖ ನೋಡದೆ, "ಹಳೇ ತಾರೀಖ ಹಾಕ್ಸಿದ್ರ ನಾ ಕೇಳತಿರಲಿಲ್ರಿ ಸರ" ಎಂದರು. ಹೊಳೆಮಣ್ಣೂರಿನವನ ಲೋಟದ ವೃತ್ತಗಳು ತಂಟೆಯಿಲ್ಲದೆ ಪಾಸಾದವು. ಪರೀಕ್ಷೆಗೆ ಎಂಟು ಮಂದಿ ಕೂತರು.

ಸುದ್ದಿಯನ್ನು ಫೋನಿನಲ್ಲಿ ಹೇಳಬಾರದೆಂದು ಮತ್ತೆ ಗಜೇಂದ್ರಗಡಕ್ಕೆ ಹೋದೆ. ಆದರೆ ಪ್ರವೇಶಪತ್ರ ಬಾರದ್ದರಿಂದ ಅವರಿಗೆ ಆಗಲೇ ತಿಳಿದಿತ್ತು. ನೂಲಿನ ಅಂಗಡಿಯವನು ಈ ಸಲ ಕೋಳಿಯ ಮಾತೆತ್ತಲಿಲ್ಲ. "ಬಿಟ್ಲಂತಲ್ರಿ ಸರ ಆಕಿ? ಮಗ್ಗದ ಕೆಲಸ ಹೆಚ್ಚಾತು, ಓದು ತಲಿಗೆ ಹತ್ತವಲ್ದು ಅಂತ ತಾನ ಬ್ಯಾಡ ಅಂದ್ಲಂತ" ಎಂದ.

ಕೋಣೆಯಲ್ಲಿ ಎರಡೂ ಮಗ್ಗ ನಡೆದಿದ್ದವು. ತೊಲೆಯಿಂದ ಇಳಿಬಿಟ್ಟ ದಾರದ ತೊಟ್ಟಿಲು ಖಾಲಿ ತೂಗುತ್ತಿತ್ತು. ಚಹಾ ಬಂತು. ಕುಡಿದಾದ ಮೇಲೆ ಕೇಳಿದೆ.

"ಓಣ್ಯಾಗ ಹಂಗ್ಯಾಕ ಹೇಳೀರಿ? ಆಕಿ ಬಿಟ್ಟಿಲ್ಲ. ತಪ್ಪು ನಂದೈತಿ."

ಮಾವ ಲಾಳಿಯಲ್ಲಿ ನೂಲು ಸುತ್ತಿದ ಕಂಡಿಕೆ ಬದಲಿಸುತ್ತಿದ್ದರು, ತಲೆ ಎತ್ತಲಿಲ್ಲ. "ನಿಮ್ಮದಂತ ಹೇಳಿದ್ರ ಓಣಿ ನಿಮ್ಮ ಹೆಸರು ಹಿಡೀತೈತ್ರಿ. ನೀವು ವಯಸ್ಸಾದಾವ್ರು. ಮತ್ತ ಎರಡು ಸಲ ನಮ್ಮ ಮನಿ ಬಾಗಲಿಗೆ ಬಂದಾವ್ರು. ಇರ್ಲಿ ಬಿಡ್ರಿ. ಒಳಗ ಮಡಚೇವಿ."

"ನರಗುಂದದ ಕೆಲಸ?"

"ಬ್ಯಾರೇದವರನ್ನ ತಗೊಂಡಾರಂತ್ರಿ" ಎಂದಳು ಆಕೆ, ತನ್ನ ಮಗ್ಗದಿಂದ. ಆಮೇಲೆ ಕೇಳಿದಳು: "ಸರ, ಹತ್ತನೇ ಶೀಟ್ ಹ್ಯಾಂಗಿತ್ರಿ?"

"ಐದು ಕೊಡಬೇಕಿತ್ತವಾ."

"ಹೌದೇನ್ರಿ" ಎಂದು ಲಾಳಿ ಎಸೆದಳು.

ಕಾಲೇಜಿನಲ್ಲಿ ಈ ವರ್ಷ ಹೊಸಬರು ಬಂದಿದ್ದಾರೆ, ಹಾಲ್‌ನಲ್ಲೇ ತರಗತಿ ನಡೆದಿದೆ. ಗೋಡೆಯಲ್ಲಿ ಮೊಳೆ ಹಾಗೇ ಇದೆ, ಅದಕ್ಕೆ ಈಗ ಯಾರ ಶೀಟನ್ನೂ ಹಾಕುವುದಿಲ್ಲ. ಆನ್‌ಲೈನ್ ಪಾಠ ಹೇಳುವ ಕಿರಿಯರು ಸಲಹೆ ಕೇಳಲು ಬರುತ್ತಾರೆ. ನಾಣ್ಯ ಇಡಿಸಿ, ಕೈ ನೋಡಿ, ಒಬ್ಬೊಬ್ಬರಿಗೂ ಫೋನ್ ಮಾಡಿ, ಆ ಫೋನು ಯಾರದೆಂದು ಮೊದಲು ಕೇಳಿಕೊಳ್ಳಿ ಎನ್ನುತ್ತೇನೆ. ಅವರು ಬರೆದುಕೊಂಡು, "ತಿಳೀತ್ರಿ ಸರ" ಎಂದು ಹೋಗುತ್ತಾರೆ.

ಗಜೇಂದ್ರಗಡದ ಆ ಮನೆಯವರು ಮಡಚಿಟ್ಟದ್ದನ್ನು ಬಿಚ್ಚುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಆದರೆ ನನ್ನ ಪದ್ಧತಿಯ ಪ್ರಕಾರ, ಇರುವುದರಲ್ಲಿ ಅತ್ಯಂತ ಕೆಟ್ಟ ಶೀಟು ಮೊಳೆಗೆ ಹೋಗಬೇಕು. ಆದ್ದರಿಂದ ಇದನ್ನು ಇಲ್ಲಿ ತೂಗುಹಾಕಿದ್ದೇನೆ. ಮೂಲೆಯಲ್ಲಿರುವ ಹೆಸರು ನನ್ನದು.